ದೀಪ ದೊಡ್ಡದು ಮಾಡಿದ ಸಭೆ

ಅರಸೀಕೆರೆ ಜಂಕ್ಷನ್

ಜರ್ಮನಿಗೆ ಹೋಗಿ ಏನು ನೋಡಿಕೊಂಡು ಬಂದೆ ಅಂತ ಗಿರಣಿಗೆ ಬಂದವರೆಲ್ಲ ಕೇಳ್ತಾರೆ. ಕರೆಂಟ್ ನೋಡಿಕೊಂಡು ಬಂದೆ ಅಂತೀನಿ. ನಗ್ತಾರೆ. ನಗಲಿ ಬಿಡಿ. ಕೋಟೆ, ಚರ್ಚು, ಗಡಿಯಾರದ ಗೋಪುರ ನಾನೂ ನೋಡಿದ್ದೀನಿ. ಅವನ್ನೆಲ್ಲ ನೋಡಿ ಬಂದು ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀಬೇಕು ಅಂತ ಕೂತಿದ್ದು ಅಲ್ಲಿಯ ಕರೆಂಟಿನ ವಿಷಯ, ಅದಕ್ಕೋಸ್ಕರ ಒಬ್ಬ ಹೆಂಗಸು ಪಟ್ಟ ಪಾಡಿನ ವಿಷಯ.

ನಾನು ಹಗರೆಯ ಗೌರಮ್ಮ. ಬೇಲೂರು ರಸ್ತೆ ಮಗ್ಗುಲಲ್ಲೇ ನಮ್ಮ ಹಿಟ್ಟಿನ ಗಿರಣಿ. ತ್ರೀ ಫೇಸ್ ಬಂದರೆ ಕಲ್ಲು ತಿರುಗುತ್ತೆ, ಇಲ್ಲದಿದ್ದರೆ ರಾಗಿ ಚೀಲ ಸಾಲಾಗಿ ಕೂತಿರುತ್ತವೆ, ಅವುಗಳ ಪಕ್ಕದಲ್ಲಿ ಹೆಂಗಸರು ಕೂತಿರುತ್ತಾರೆ, ಅವರ ಬಾಯಿಗೆ ನಾನು ಸಿಕ್ಕಿರ್ತೀನಿ. ಕರೆಂಟ್ ಹೋಗಿದ್ದಕ್ಕೂ ನಾನೇ ಕಾರಣ ಅನ್ನೋ ಹಾಗೆ ಮಾತಾಡ್ತಾರೆ. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಆಕಾಶ ನೋಡೋದಕ್ಕಿಂತ ಕಂಬ ನೋಡಿದ್ದೇ ಹೆಚ್ಚು.

ಆ ಹೆಂಗಸಿನ ಹೆಸರು ಹನ್ನಾ. ಹಳೇಬೀಡಿನ ಗುಡಿಯ ಸುತ್ತ ಕೆತ್ತಿರೋ ಆನೆಗಳ ಸಾಲಿನ ಚಿತ್ರ ಬರೀಬೇಕು ಅಂತ ಹುಡುಗಿಯಾಗಿದ್ದಾಗ ಬಂದವಳು. ಅವಳಿಗೆ ಇರೋಕೆ ಜಾಗ ಸಿಕ್ಕಿದ್ದು ಹಗರೆಯಲ್ಲಿ, ನಮ್ಮ ಮನೆಯ ಅಟ್ಟದ ಕೋಣೆಯಲ್ಲಿ. ಒಂದು ಚಳಿಗಾಲ ಪೂರ್ತಿ ದಿನಾ ಬಸ್ಸು ಹತ್ತಿ ಹಳೇಬೀಡಿಗೆ ಹೋಗಿ, ಸಾಯಂಕಾಲ ಕೈಯೆಲ್ಲ ಕಪ್ಪು ಮಾಡಿಕೊಂಡು ಬರೋಳು. ಒಂದಾನೆ ಇನ್ನೊಂದರ ಹಾಗಿಲ್ಲ ಅಂತ ಬೆರಗಾಗೋಳು. ನಮ್ಮತ್ತೆ ಅವಳನ್ನ ಹೊನ್ನಮ್ಮ ಅಂತ ಕರೆದರು, ಊರೂ ಹಾಗೇ ಕರೀತು. ಅವಳು ಕಲಿತ ಕನ್ನಡ ನಮ್ಮತ್ತೆಯ ಕನ್ನಡ. ಈಗಲೂ ಫೋನಿನಲ್ಲಿ 'ಏನವ್ವಾ, ಕರೆಂಟ್ ಐತಾ?' ಅಂತಲೇ ಮಾತು ಶುರು ಮಾಡ್ತಾಳೆ. ಹಿಂದಿನ ವರ್ಷದ ಸುಗ್ಗಿ ಮುಗಿದ ಮೇಲೆ ಒಂದು ದಿನ ಹಾಗೆ ಕೇಳಲಿಲ್ಲ. 'ಗೌರಾ, ಈ ಸಲ ಬಂದುಬಿಡು. ನನ್ನ ಕರೆಂಟ್ ಸಂಘವ ದೊಡ್ಡ ಕಂಪನಿ ಜೊತೆ ಸೇರಿಸಬೇಕು ಅಂತಾವ್ರೆ. ಸಭೆ ಐತೆ. ಉಳೀತದೋ ಹೋಗ್ತದೋ ಗೊತ್ತಿಲ್ಲ. ಪಕ್ಕದಾಗೆ ಒಬ್ಬರು ನಮ್ಮೋರು ಅಂತ ಬೇಕು' ಅಂದಳು. ನಮ್ಮೋರು ಅಂದದ್ದು ಕೇಳಿ ಬರ್ತೀನಿ ಅಂದುಬಿಟ್ಟೆ. ಟಿಕೇಟೂ ಅವಳೇ ಕಳಿಸಿದಳು.

ಹೊರಡೋಕೆ ಮುಂಚೆ ತವರಿಗೆ ಹೋಗಿ, ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿ ಕೈಮುಗಿದು, ಅರಸೀಕೆರೆಯಲ್ಲೇ ರೈಲು ಹತ್ತಿದೆ. ಬಿಡೋಕೆ ಬಂದಿದ್ದ ನಮ್ಮಣ್ಣ ಕೊಬ್ಬರಿ ಬೆಳೆಗಾರ. ಪ್ಲಾಟ್‌ಫಾರಮ್ಮಿನಲ್ಲಿ ನಿಂತು ನಾನು ಹೊನ್ನಮ್ಮನ ಕಥೆ ಹೇಳಿದರೆ, 'ಅಯ್ಯೋ, ಇದೇನೇ ಹೊಸದು? ನಮ್ಮ ಮಾರ್ಕೆಟ್ಟಿನಾಗೆ ಇಬ್ಬರು ವ್ಯಾಪಾರಸ್ಥರು ಒಳಗೊಳಗೇ ಒಂದಾದ್ರೆ ನಮ್ಮ ಕೊಬ್ಬರಿ ಗತಿ ಏನಾಗ್ತದೆ? ಎದುರಾಗಿ ರೇಟು ಕೂಗೋನೊಬ್ಬ ಇರಬೇಕು ಕಣೇ, ಇಲ್ಲದಿದ್ರೆ ಇರೋನು ಆಡಿದ್ದೇ ಆಟ' ಅಂದ. ಅಷ್ಟರಲ್ಲಿ ರೈಲು ಅಲುಗಾಡಿತು. ಮುಂದೆ ಅಲ್ಲಿ ನನಗೆ ಅರ್ಥವಾಗಿದ್ದರಲ್ಲಿ ಅರ್ಧ ಈ ಮಾತಿನಿಂದಲೇ ಅರ್ಥವಾಯಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲನೇ ಮರ್ಯಾದೆ ಹೋಯಿತು. ಹೊನ್ನಮ್ಮನಿಗೆ ಅಂತ ಹಿತ್ತಾಳೆ ಕುಟ್ಟಾಣಿ ತಗೊಂಡಿದ್ದೆ. ಒಡೆಯೋ ಸಾಮಾನಲ್ಲ, ಆದರೂ ಮುದ್ದಿನ ಸಾಮಾನು ಅಂತ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ತಪಾಸಣೆ ಮಾಡೋ ಹೆಣ್ಣುಮಗಳು ಅದರ ಕುಟ್ಟೋ ಕೋಲು ಎತ್ತಿ ಹಿಡಿದು, 'ಇದರಲ್ಲಿ ಯಾರಿಗೆ ಹೊಡೀತೀರಮ್ಮ?' ಅಂದಳು. 'ಶುಂಠಿಗೆ' ಅಂದೆ. ಹಿಂದಿದ್ದವರೆಲ್ಲ ನಕ್ಕರು. ಮತ್ತೆ ವಾಪಸು ಹೋಗಿ ಅದನ್ನ ದೊಡ್ಡ ಪೆಟ್ಟಿಗೆಗೆ ಸೇರಿಸಿ ಓಡೋಡಿ ಬರಬೇಕಾಯಿತು.

ಹೊನ್ನಮ್ಮನ ಊರು

ಊರಿನ ಹೆಸರು ಹೇಳೋಕೆ ಎಷ್ಟು ಹೆಣಗಿದರೂ ನನ್ನ ನಾಲಿಗೆ ಹೊರಳಲಿಲ್ಲ. ಹೊನ್ನಮ್ಮನ ಊರು ಅಂತಲೇ ಕರೀತೀನಿ. ಎರಡು ಗುಡ್ಡದ ನಡುವೆ ಕೂತಿರೋ ಸಣ್ಣ ಪೇಟೆ. ಗುಡ್ಡದ ಮೇಲೆ ಕರೀ ಕಾಡು, ಕೆಳಗೆ ಹಸುಗಳು, ನಡುವೆ ಒಂದು ಹಳ್ಳ. ಮನೆ ಛಾವಣಿಗಳ ಮೇಲೆಲ್ಲ ಸೋಲಾರ್ ಹಲಗೆ. ಎಷ್ಟು ಚೊಕ್ಕಟ ಅಂದರೆ, ಚಪ್ಪಲಿ ಹಾಕಿ ನಡೆಯೋಕೆ ಸಂಕೋಚ ಆಗುತ್ತೆ. ಒಂದು ಕಾರೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಇದೆ ಅಂತ ಒಬ್ಬ ಅಜ್ಜ ಕೋಲೂರಿ ನಿಂತಿದ್ದ. ನಾನು ಆಕಡೆ ಈಕಡೆ ನೋಡಿ ದಾಟಿಬಿಟ್ಟೆ. ಅವನು ನೋಡಿದ ನೋಟಕ್ಕೆ ತಿರುಗಿ ವಾಪಸು ಬಂದು ಅವನ ಪಕ್ಕದಲ್ಲೇ ನಿಂತುಕೊಂಡೆ. ಹಗರೆ ಬಸ್ ಸ್ಟಾಪಿನಲ್ಲಿ ಹೀಗೆ ನಿಂತರೆ ಹುಷಾರಿಲ್ಲವೇನೋ ಅಂತ ನೀರು ತಂದುಕೊಡ್ತಾರೆ.

ಮಾರನೆ ದಿನ ಭಾನುವಾರ. ಹೊನ್ನಮ್ಮ ತೋಟಕ್ಕೆ ಹೋಗಿದ್ದಳು. ಅವಳು ಬರೋಷ್ಟರಲ್ಲಿ ಚಟ್ನಿಪುಡಿಗೆ ಒಂದಿಷ್ಟು ಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜೋಣ ಅಂತ ಕುಟ್ಟಾಣಿ ತೆಗೆದು ಟಣ್ ಟಣ್ ಅಂತ ಕುಟ್ಟತೊಡಗಿದೆ. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ದಪ್ಪನೆ ಗಂಡಸು. ಕೆಳಗಿನ ಬೇಕರಿ ಅವನದು, ಹೆಸರು ಓಟ್ಟೋ. ಕೈಯಲ್ಲಿ ಕುಟ್ಟೋ ಹಾಗೆ ಮಾಡಿ, ಬೆರಳು ತುಟಿ ಮೇಲಿಟ್ಟು, 'ಸಂಡೇ, ಸಂಡೇ' ಅಂದ. ಭಾನುವಾರ ಆ ಊರಲ್ಲಿ ಸದ್ದು ಮಾಡೋ ಹಾಗಿಲ್ಲವಂತೆ. ಬಟ್ಟೆ ಒಗೆಯೋ ಮಿಷಿನ್ನು ಹಾಕೋಕೂ ಹಿಂದೆ ಮುಂದೆ ನೋಡ್ತಾರಂತೆ. ನನಗೆ ನಾಚಿಕೆಯಾಗಿ, ಒಂದು ಚಮಚ ಚಟ್ನಿಪುಡಿಯನ್ನ ಅವನ ಅಂಗೈಗೆ ಹಾಕಿಬಿಟ್ಟೆ. ಅವನು ಒಟ್ಟಿಗೇ ಬಾಯಿಗೆಸೆದುಕೊಂಡ. ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ಬಂತು. ಹೋದೋನು ಇನ್ನು ಬರಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಿಸಿ ರೊಟ್ಟಿ ತಂದು, ಮತ್ತೆ ಅಂಗೈ ಚಾಚಿದ.

ಹೊನ್ನಮ್ಮ ಬಂದ ಮೇಲೆ ಗೊತ್ತಾಯಿತು, ಈ ಓಟ್ಟೋ ಅವಳ ಜೊತೆ ಕರೆಂಟ್ ಸಂಘ ಶುರು ಮಾಡಿದವನು. ಊರಿನ ಗಂಡಸು ಹೆಂಗಸರು ಅಡುಗೆಮನೆ ಮೇಜಿನ ಸುತ್ತ ಕೂತು ಕಟ್ಟಿದ ಸಂಘ. ಮೊದಲು ಹಳ್ಳದ ನೀರಿನಿಂದ ಕರೆಂಟ್ ಮಾಡಿದರಂತೆ, ಆಮೇಲೆ ಛಾವಣಿಗಳ ಮೇಲೆ. ಸಾಲದ್ದನ್ನು ದೊಡ್ಡ ಸಂತೆಯಿಂದ ಸಗಟಾಗಿ ಕೊಂಡು ಮಾರ್ತಿದ್ದರಂತೆ. ನಮ್ಮ ಹಾಲಿನ ಡೈರಿ ಸಂಘದ ಥರಾನೇ, ಒಬ್ಬರಿಗೆ ಒಂದೇ ಓಟು. ಶ್ರೀಮಂತನಿಗೂ ಒಂದೇ, ಬಡವನಿಗೂ ಒಂದೇ. ಅದನ್ನ ಕೇಳಿ ನಾನು ಖುಷಿಯಾಗಿ ಓಟ್ಟೋನ ಅಂಗೈಗೆ ಇನ್ನೊಂದು ಚಮಚ ಹಾಕಿದೆ.

ಬಾಗಿಲು ತಟ್ಟಿದವನು

ಎರಡು ದಿನ ಬಿಟ್ಟು ಇನ್ನೊಂದು ಫಜೀತಿ. ಹೊನ್ನಮ್ಮ ಸಭೆಯ ಓಡಾಟದಲ್ಲಿದ್ದಳು, ಮನೆಯಲ್ಲಿ ನಾನೊಬ್ಬಳೇ. ಟೈ ಕಟ್ಟಿದ ಹುಡುಗನಂಥ ಒಬ್ಬ ಗಂಡಸು ಬಂದು, ಕೊರಳಿನ ಬ್ಯಾಡ್ಜು ತೋರಿಸಿ, 'ಎಲೆಕ್ಟ್ರಿಸಿಟಿ' ಅಂದ. ನಮ್ಮೂರಲ್ಲಿ ಕರೆಂಟ್ ಆಫೀಸಿನವರು ಹೇಳದೆ ಕೇಳದೆ ಬಾಗಿಲಿಗೆ ಬಂದರೆ ಒಂದು ಮೀಟರ್ ನೋಡೋಕೆ, ಇಲ್ಲ ಫ್ಯೂಸ್ ಕೀಳೋಕೆ. ಹೊನ್ನಮ್ಮ ಬಿಲ್ಲು ಕಟ್ಟಿಲ್ಲವೇನೋ ಅಂದುಕೊಂಡೆ. ಅಂಥವರನ್ನ ನಿಲ್ಲಿಸಿ ಮಾತಾಡಿಸಬಾರದು, ಕೂರಿಸಬೇಕು, ನಮ್ಮ ಪದ್ಧತಿ ಅದು. ಕೂರಿಸಿದೆ. ಕಾಫಿ ಕೊಟ್ಟೆ. ಕೊಬ್ಬರಿ ಮಿಠಾಯಿ ಇಟ್ಟೆ. ಅವನು ಎರಡು ತಿಂದ. ಆಮೇಲೆ ಇಂಗ್ಲಿಷಿನಲ್ಲಿ ಏನೇನೋ ಹೇಳತೊಡಗಿದ. ನಾನು ಹ್ಞೂಂ ಅನ್ನುತ್ತ, ನಾವು ಆಡಿಸೋ ಹಾಗೆ ತಲೆಯನ್ನ ಆಕಡೆ ಈಕಡೆ ಆಡಿಸುತ್ತ ಕೂತೆ. ಕೇಳಿಸ್ಕೊಂಡೆ ಅಂತ ಅದರ ಅರ್ಥ, ಅಷ್ಟೇ. ಅವನು ಒಪ್ಪಿದ್ದಾಳೆ ಅಂತ ತಿಳ್ಕೊಂಡು, ಮೊಬೈಲಿನಂಥ ಹಲಗೆ ತೆಗೆದು, ನನ್ನ ಹೆಸರು ಕೇಳಿ, ಸಹಿ ಹಾಕು ಅಂತ ಮುಂದೆ ಹಿಡಿದ.

ದೇವರು ದೊಡ್ಡವನು, ಅದೇ ಹೊತ್ತಿಗೆ ಹೊನ್ನಮ್ಮ ಬಂದಳು. ಅವಳ ಭಾಷೆಯಲ್ಲಿ ಅವಳು ಅಂದಿದ್ದೇನೋ ತಿಳೀಲಿಲ್ಲ, ಅವನಂತೂ ಕಾಫಿ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದ. ಬಾಗಿಲು ಮುಚ್ಚಿ ಅವಳು ನಗೋಕೆ ಶುರು ಮಾಡಿದಳು. 'ಅಲ್ಲಾ ಕಣೇ ಗೌರಾ, ಅವನು ಬೇರೆ ಕಂಪನಿಯೋನು! ನಮ್ಮ ಸಂಘ ಬಿಟ್ಟು ಅವನ ಕರೆಂಟ್ ತಗೊಳ್ಳಿ ಅಂತ ಬಂದವ್ನೆ. ನೀನು ಮಿಠಾಯಿ ತಿನ್ನಿಸಿ ಸಂಘವ ಮಾರ್ತಿದ್ದೆ!'

'ಕರೆಂಟ್ ಮಾರೋಕೆ ಮನೆ ಬಾಗಿಲಿಗೆ ಬತ್ತಾರಾ?' ಅಂದೆ. ನಾನು ನಂಬಲಿಲ್ಲ. ನಮ್ಮಲ್ಲಿ ಗಿರಣಿಗೆ ಇನ್ನೊಂದು ಲೈನು ಕೊಡಿ ಅಂತ ನಾವು ಅವರ ಬಾಗಿಲಿಗೆ ಅಲೆದು ಚಪ್ಪಲಿ ಸವೀತವೆ. ಇಲ್ಲಿ ನೋಡಿದರೆ ಸೀರೆ ವ್ಯಾಪಾರದವನ ಹಾಗೆ ಗಂಟು ಬಿಚ್ಚಿ ಕೂರ್ತಾರೆ. ಒಬ್ಬನ ಸಹವಾಸ ಬೇಡವಾದರೆ ಇನ್ನೊಬ್ಬನಿಗೆ ಹೇಳಿದರಾಯಿತು. ಹಳೆಯವನು ತಕರಾರು ಮಾಡೋ ಹಾಗಿಲ್ಲ. ನಡುವೆ ಒಂದು ಗಳಿಗೆಯೂ ದೀಪ ಹೋಗೋ ಹಾಗಿಲ್ಲ. ಅಯ್ಯೋ ಶಿವನೇ, ನನ್ನಂಥ ಗಿರಣಿಯವಳಿಗೆ ಇದಕ್ಕಿಂತ ಸ್ವರ್ಗ ಬೇಕಾ! ಅವತ್ತು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು.

'ಹಂಗಾದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ತಂತಿ ಐತಾ?' ಅಂತ ಕೇಳಿದೆ.

'ಇಲ್ಲ. ತಂತಿ ಒಂದೇ. ನಿಮ್ಮ ಡೈರಿನಾಗೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಸುರೀತೀರಲ್ಲ? ನಿನ್ನ ಹಸೀನ ಹಾಲೇ ನಿನ್ನ ಲೋಟಕ್ಕೆ ಬತ್ತದಾ? ಹಾಕಿದ್ದಕ್ಕೂ ತೆಗೆದಿದ್ದಕ್ಕೂ ಲೆಕ್ಕ ಸರಿಯಿದ್ರೆ ಸಾಕು. ಇದೂ ಹಂಗೇ.'

'ಮತ್ತೆ ನಿಮ್ಮ ಸಂಘಕ್ಕೆ ಏನು ಬಂತು ಕೇಡು? ಚೆನ್ನಾಗೇ ನಡೀತಿತ್ತಲ್ಲ.'

ಅವಳ ನಗು ಹೋಯಿತು. ಆಕಡೆ ಯುದ್ಧ ಶುರುವಾಗಿ ಗ್ಯಾಸು ಬರೋದು ನಿಂತಾಗ ಸಗಟು ಸಂತೆಯಲ್ಲಿ ಕರೆಂಟಿನ ದರ ಹುಚ್ಚೆದ್ದು ಕುಣೀತಂತೆ. ದೊಡ್ಡ ಕಂಪನಿಗಳು ಮುಂಚೇನೇ ಕೊಂಡಿಟ್ಟುಕೊಂಡಿದ್ದವು, ತಡ್ಕೊಂಡವು. ಇವರದು ಸಣ್ಣ ಸಂಘ, ಜಾಸ್ತಿಗೆ ಕೊಂಡು ಕಡಿಮೆಗೆ ಮಾರಿ ಸುಸ್ತಾಯಿತು. ಅದೇ ಕಣಿವೆಯಲ್ಲಿದ್ದ ಇಂಥವೇ ಇನ್ನೆರಡು ಸಂಘಗಳನ್ನ ಆ ದೊಡ್ಡ ಕಂಪನಿ ಆಗಲೇ ಒಳಗೆ ಹಾಕ್ಕೊಂಡಿತ್ತು. ಈಗ ಉಳಿದಿದ್ದು ಇದೊಂದು.

'ಸರ್ಕಾರ ಕೇಳಲ್ವಾ?' ಅಂದೆ.

'ಕೇಳ್ತದೆ. ದೊಡ್ಡೋನೂ ದೊಡ್ಡೋನೂ ಕೂಡಿದ್ರೆ, ಪೈಪೋಟಿ ಸಾಯ್ತದಾ ಅಂತ ನೋಡೋಕೇ ಒಂದು ಕಚೇರಿ ಐತೆ. ಭಾರೀ ಜೋರು ಕಚೇರಿ. ನಮ್ಮಂಥ ಚಿಕ್ಕೋರ ನುಂಗಿದ್ರೆ ಅವರ ಕಣ್ಣಿಗೆ ಬೀಳಲ್ಲ. ನಮ್ಮ ಸದಸ್ಯರೇ ನೋಡ್ಕೋಬೇಕು. ನಾಲ್ಕು ಜನರಾಗೆ ಮೂರು ಜನ ಸೈ ಅಂದ್ರೆ ಮುಗೀತು.'

ಅವತ್ತು ಸಾಯಂಕಾಲ ಅವಳು ಊಟ ಸರಿಯಾಗಿ ಮಾಡಲಿಲ್ಲ. ಅವಳ ವಯಸ್ಸೆಲ್ಲ ಸವೆದಿದ್ದು ಆ ಸಂಘಕ್ಕೆ. ಹಳೇಬೀಡಿನ ಆನೆಗಳ ಚಿತ್ರ ಗೋಡೆ ಮೇಲಿತ್ತು. ಅದಾದ ಮೇಲೆ ಅವಳು ಬರೆದ ಚಿತ್ರ ಒಂದೂ ಕಾಣಲಿಲ್ಲ. ಟೈಮೆಲ್ಲಿತ್ತು ಕಣೇ ಅಂದಳು.

ಸಭೆ, ಶನಿವಾರ ಮಧ್ಯಾಹ್ನ

ಸಭೆ ನಡೆದಿದ್ದು ಊರಿನ ಶಾಲೆಯ ದೊಡ್ಡ ಹಾಲಿನಲ್ಲಿ. ಸಂಘದ ಸಭೆ ಅಂದರೆ ನನಗೆ ಗೊತ್ತಿರೋದು ನಮ್ಮದು. ಕಾರ್ಯದರ್ಶಿ ಓದ್ತಾನೆ, ಎಲ್ಲರೂ ಚಪ್ಪಾಳೆ ತಟ್ತಾರೆ, ಸರ್ವಾನುಮತದಿಂದ ಅಂಗೀಕಾರ ಅಂತ ಬರ್ಕೋತಾರೆ, ಖಾರಾಬೂಂದಿ ಪೊಟ್ಟಣ ಕೊಡ್ತಾರೆ. ಇಲ್ಲಿ ನೋಡಿದರೆ ಪ್ರತಿಯೊಬ್ಬರ ಕೈಯಲ್ಲೂ ಲೆಕ್ಕಪತ್ರ, ಅದರ ಅಂಚಿಗೆಲ್ಲ ಪೆನ್ಸಿಲ್ಲಿನ ಗೀಟು. ಮನೆಯಲ್ಲಿ ಓದಿಕೊಂಡು ಬಂದವ್ರೆ! ಒಬ್ಬ ಮುದುಕಿ ಎದ್ದು ನಿಂತು, ಇಂಥ ಪುಟದಲ್ಲಿ ಇಂಥ ಸಾಲು ಯಾಕೆ ಹೀಗಿದೆ ಅಂತ ಕೇಳಿದಳು. ಖಜಾಂಚಿ ಕೋಪ ಮಾಡಿಕೊಳ್ಳದೆ ಉತ್ತರ ಹೇಳಿದ. ಆಕೆಗೆ ಸಮಾಧಾನ ಆಗಲಿಲ್ಲ, ಮತ್ತೆ ಕೇಳಿದಳು. ಅವನು ಮತ್ತೆ ಹೇಳಿದ. ಕೂತ್ಕೊಳಮ್ಮ ಸಾಕು ಅಂತ ಯಾರೂ ಅನ್ನಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡ್ತಾ ಕೂತೆ.

ಇದ್ದಕ್ಕಿದ್ದಂತೆ ಹಾಲಿನ ತುಂಬ ದಡಬಡ ಸದ್ದು. ಎಲ್ಲರೂ ಮುಷ್ಟಿ ಕಟ್ಟಿ ಮೇಜು ಕುಟ್ಟುತ್ತಿದ್ದಾರೆ. ಗಲಾಟೆ ಶುರುವಾಯಿತು ಅಂತ ನಾನು ಹೊನ್ನಮ್ಮನ ತೋಳು ಹಿಡಿದು ಎಳೆದೆ, ನಡಿಯೇ ಆಚೆಗೆ ಅಂತ. 'ಕೂತ್ಕೋ, ಇದು ಇಲ್ಲಿಯ ಚಪ್ಪಾಳೆ' ಅಂದಳು.

ಆಮೇಲೆ ದೊಡ್ಡ ಕಂಪನಿಯ ಸಾಹೇಬರು ಮಾತಾಡಿದರು. ಒಳ್ಳೆ ಮನುಷ್ಯ, ಸುಳ್ಳು ಹೇಳಬಾರದು. ಮೆತ್ತಗೆ ಮಾತು, ನಗುಮುಖ. ಹೊನ್ನಮ್ಮ ನನ್ನ ಕಿವಿಯಲ್ಲಿ ಕನ್ನಡ ಮಾಡ್ತಾ ಹೋದಳು. 'ನಿಮ್ಮ ಸಂಘವನ್ನ ನಾವು ಮುಚ್ಚೋಕೆ ಬಂದಿಲ್ಲ ಅಂತಾನೆ. ನಿಮ್ಮ ದೀಪವನ್ನ ದೊಡ್ಡದು ಮಾಡೋಕೆ ಬಂದಿದ್ದೀವಿ ಅಂತಾನೆ.'

ನನಗೆ ನಗು ಬಂದುಬಿಟ್ಟಿತು. ತಡೆದರೂ ತಡೀಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

'ಯಾಕೇ?' ಅಂದಳು ಹೊನ್ನಮ್ಮ.

'ಏನಂದ ಅಂದೆ? ದೀಪ ದೊಡ್ಡದು ಮಾಡ್ತಾನಂತಾ? ಹೊನ್ನೀ, ನಮ್ಮತ್ತೆ ಮನೇಲಿ ದೀಪ ದೊಡ್ಡದು ಮಾಡು ಅಂದ್ರೆ ಏನು ಹೇಳು?'

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ಅರಳಿತು. ಕೈ ಎತ್ತಿ, ಮಾತಾಡಬೇಕು ಅಂತ ಎದ್ದು ನಿಂತಳು. ಅವಳು ಆಡಿದ್ದನ್ನು ಆಮೇಲೆ ಅವಳ ಬಾಯಿಂದಲೇ ಕೇಳಿ ಬರೀತಿದ್ದೀನಿ.

'ನಾನು ಚಿಕ್ಕವಳಿದ್ದಾಗ ಇಂಡಿಯಾದ ಒಂದು ಹಳ್ಳಿಯಲ್ಲಿದ್ದೆ. ಆ ಊರಿನ ತಾಯಿ ಪಕ್ಕದಲ್ಲಿ ಕೂತವ್ರೆ. ಅವರ ಮನೆಯಲ್ಲಿ ಕರೆಂಟ್ ಹೋದರೆ ಚಿಮಣಿ ದೀಪ ಹಚ್ಚೋರು. ಮಲಗೋ ಹೊತ್ತಿಗೆ ಮನೆಯ ಯಜಮಾನಿ ನನಗೆ, ದೀಪ ದೊಡ್ಡದು ಮಾಡವ್ವ ಅಂದರು. ನಾನು ಬತ್ತಿ ಎತ್ತಿ ಎತ್ತಿ ದೊಡ್ಡದು ಮಾಡಿದೆ. ಗಾಜು ಕಪ್ಪಾಗಿ ಟಪ್ಪಂತ ಸೀಳಿತು. ಆಗ ಗೊತ್ತಾಯಿತು. ಆ ಜನ ದೀಪ ಆರಿಸು ಅನ್ನಲ್ಲ, ಅದು ಅಪಶಕುನ. ಆರಿಸು ಅನ್ನೋಕೆ ದೊಡ್ಡದು ಮಾಡು ಅಂತಾರೆ. ಈಗ ಈ ಸಾಹೇಬರೂ ಅದೇ ಮಾತು ಆಡಿದರು. ಅವರಿಗೆ ಕನ್ನಡ ಗೊತ್ತಿಲ್ಲ, ಆದರೂ ಸರಿಯಾಗೇ ಆಡಿದರು.'

ಹಾಲಿಗೆ ಹಾಲೇ ನಕ್ಕಿತು. ಆ ಸಾಹೇಬರೂ ತಲೆ ತಗ್ಗಿಸಿ ನಕ್ಕರು. ಮೇಜು ಕುಟ್ಟಿದರು ನೋಡಿ, ಹಲಗೆ ಮುರೀಬೇಕು ಹಾಗೆ ಕುಟ್ಟಿದರು. ಎಲ್ಲರೂ ತಿರುಗಿ ತಿರುಗಿ ನನ್ನನ್ನ ನೋಡ್ತಿದ್ದರು. ನಮ್ಮತ್ತೆ ಬದುಕಿದ್ದು ಇದನ್ನ ನೋಡಬೇಕಿತ್ತು ಅನ್ನಿಸಿ ಕಣ್ಣು ತುಂಬಿ ಬಂತು. ಗೆದ್ದೆವು ಅಂತಲೇ ಅಂದುಕೊಂಡೆ.

ಆಮೇಲೆ ಓಟು. ಕಂಪನಿಗೆ ಸೇರೋದು ಬೇಕು ಅನ್ನೋರು ಹಸಿರು ಚೀಟಿ ಎತ್ತಬೇಕು, ಬೇಡ ಅನ್ನೋರು ಕೆಂಪು. ಮೊದಲು ಹಸಿರು ಕೇಳಿದರು. ಹಾಲಿನ ತುಂಬ ಹಸಿರೋ ಹಸಿರು. ಅಷ್ಟು ಹೊತ್ತು ಮೇಜು ಕುಟ್ಟಿದ ಕೈಗಳೇ ಕಣ್ರೀ! ನನಗೆ ಮೈ ಉರಿದುಹೋಯಿತು. ಇನ್ನೂ ಉರಿದದ್ದು ಯಾವಾಗ ಅಂದರೆ, ಮೂರನೇ ಸಾಲಿನಲ್ಲಿ ಹಿಟ್ಟು ಮೆತ್ತಿದ ದಪ್ಪ ಕೈಯೊಂದು ಹಸಿರು ಚೀಟಿ ಹಿಡಿದು ಮೇಲೆದ್ದಾಗ. ಓಟ್ಟೋ! ನನ್ನ ಚಟ್ನಿಪುಡಿ ತಿಂದ ಓಟ್ಟೋ!

ಎರಡೆರಡು ಸಲ ಎಣಿಸಿದರು. ಬೇಕಾದಷ್ಟಕ್ಕಿಂತ ಸ್ವಲ್ಪವೇ ಹೆಚ್ಚು ಹಸಿರಿತ್ತು. ಸಂಘ ಹೋಯಿತು.

ಹೊನ್ನಮ್ಮ ಅಳಲಿಲ್ಲ. ಎದ್ದು, ಸೀದಾ ಹೋಗಿ, ಆ ಸಾಹೇಬರ ಕೈ ಕುಲುಕಿದಳು. ಖಜಾಂಚಿಯ ಕೈ ಕುಲುಕಿದಳು. ಪುಟ ಸಾಲು ಅಂತ ಕೇಳಿದ್ದ ಮುದುಕಿಯನ್ನ ತಬ್ಬಿಕೊಂಡಳು. ನಮ್ಮಲ್ಲಾಗಿದ್ದರೆ ಸೋತವರು ಬಾಗಿಲು ದಬಾರಂತ ಹಾಕ್ಕೊಂಡು ಹೋಗಿ ಮೂರು ತಲೆಮಾರು ಮಾತು ಬಿಡ್ತಿದ್ದೆವು. ಇಷ್ಟು ಶಾಂತವಾಗಿ ಸೋಲೋದನ್ನ ನಾನು ಬೇರೆಲ್ಲೂ ನೋಡಿಲ್ಲ. ನಾನಂತೂ ಓಟ್ಟೋನ ಕಡೆ ಮುಖ ತಿರುಗಿಸಿ ನೋಡಲಿಲ್ಲ.

ಮನೆ ಸೇರಿ ಬಾಗಿಲು ಹಾಕಿದ ಮೇಲೆ ಅವಳು ಕುರ್ಚಿ ಮೇಲೆ ಕುಸಿದು ಕೂತು, 'ಗೌರಾ, ಮಾತು ಎಲ್ಲರಿಗೂ ಇಷ್ಟವಾಯ್ತು, ಬಿಲ್ಲಿನ ಭಯ ಅದಕ್ಕಿಂತ ದೊಡ್ಡದಾಯ್ತು. ಅವರದ್ದೂ ತಪ್ಪಲ್ಲ' ಅಂದಳು. ಆಗ ಅತ್ತಳು. ನಾನು ಅವಳ ತಲೆಯನ್ನ ಎದೆಗೆ ಒತ್ತಿಕೊಂಡು ನಿಂತೆ.

ಮಾರನೆ ಬೆಳಗ್ಗೆ

ಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದ್ದು ಓಟ್ಟೋ. ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಕನ್ನಡ ಅವನಿಗೆ ತಿಳಿಯಲ್ಲ ಅನ್ನೋ ಧೈರ್ಯದ ಮೇಲೆ, 'ಮುಂದೆ ನಕ್ಕು ಹಿಂದೆ ಚೂರಿ ಹಾಕೋನೇ, ಯಾವ ಮುಖ ಹೊತ್ಕೊಂಡು ಬಂದ್ಯಲಾ?' ಅಂದೆ. ಅವನು ಪಾಪ, ಒಳ್ಳೆ ಮಾತೇ ಆಡಿದೆ ಅಂದುಕೊಂಡು ತಲೆ ಬಗ್ಗಿಸಿ ವಂದನೆ ಮಾಡಿದ.

ಹೊನ್ನಮ್ಮ ಒಳಗೆ ಕರೆದು ಕೂರಿಸಿದಳು. ಇಬ್ಬರೂ ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ನಾನು ಮುಖ ಊದಿಸಿಕೊಂಡು ಕಾಫಿ ಸೋಸುತ್ತಿದ್ದೆ. ಕೊನೆಗೆ ಅವಳು ನನ್ನ ಕಡೆ ತಿರುಗಿ ಹೇಳಿದಳು. 'ಬೈಬೇಡ ಕಣೇ. ಸಂಘ ಇನ್ನೊಂದು ವರ್ಷ ತಡೀತಿರಲಿಲ್ಲ ಅಂತ ಅವನಿಗೆ ಅನ್ನಿಸ್ತು. ಮುಳುಗಿದ್ರೆ ನಂಬಿದೋರ ದುಡ್ಡೂ ಮುಳುಗ್ತಿತ್ತು. ಅವರನ್ನ ದಡಕ್ಕೆ ಹಾಕೋಕೆ ಹಸಿರು ಎತ್ತಿದೆ ಅಂತಾನೆ. ಆದ್ರೆ ಈಗ ಕಣಿವೆನಾಗೆ ನೆಲೆ ಊರಿರೋದು ಅವರೊಬ್ಬರೇ, ಬಾಗಿಲು ತಟ್ಟೋರು ಇವತ್ತು ಬತ್ತಾರೆ ನಾಳೆ ಹೋಗ್ತಾರೆ. ಎದುರಿಗೆ ಯಾರೂ ಇಲ್ಲದಿದ್ರೆ ದರ ಎಲ್ಲಿ ನಿಲ್ತದೆ, ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ.'

'ಈಗ ನಿದ್ದೆ ಕೆಟ್ಟು ಏನು ಬಂತು? ಮುಗೀತಲ್ಲ' ಅಂದೆ.

'ಮುಗೀಲಿಲ್ಲ. ಇನ್ನೊಂದು ಶುರು ಮಾಡಬಹುದು. ಯಾರು ಬೇಕಾದ್ರೂ ಕರೆಂಟ್ ಮಾಡಿ ಮಾರಬಹುದು ಅಂತ ಕಾನೂನೇ ಐತೆ. ಬೇಡ ಅನ್ನೋ ಹಾಗಿಲ್ಲ, ಆ ಕಂಪನಿಯೋನೂ ಅನ್ನೋ ಹಾಗಿಲ್ಲ. ಬೇಕರಿ ಛಾವಣಿ ಕೊಡ್ತೀನಿ ಅಂತವ್ನೆ ಓಟ್ಟೋ. ಈ ಸಲ ಸಂತೆಗೆ ಹೋಗಲ್ಲ. ಛಾವಣಿ ಮೇಲೆ ಆದಷ್ಟೇ ಮಾರೋದು.'

ನಾನು ಕಾಫಿ ಪಾತ್ರೆ ಕೆಳಗಿಟ್ಟೆ. ತಲೆಗೂದಲೆಲ್ಲ ಬೆಳ್ಳಗಾದ ಹೆಂಗಸು, ಹಿಂದಿನ ದಿನ ತಾನೇ ಎಲ್ಲಾ ಕಳಕೊಂಡವಳು, ಬೆಳಗಾಗೋಷ್ಟರಲ್ಲಿ ಮೊದಲಿನಿಂದ ಶುರು ಮಾಡೋಣ ಅಂತಿದ್ದಾಳೆ. ಅವಳ ಧೈರ್ಯ ಒಂದು ಕಡೆಗಿರಲಿ. ಹಾಗೆ ಶುರು ಮಾಡೋಕೆ ಬಿಡೋ ಆ ದೇಶದ ಕಾನೂನಿಗೆ ನಾನು ನಿಂತಲ್ಲೇ ಕೈಮುಗಿದೆ. ನಮ್ಮ ಕರೆಂಟ್ ಆಫೀಸಿನ ಎದುರು ಇನ್ನೊಂದು ಅಂಗಡಿ ಇಡ್ತೀನಿ ಅಂದರೆ ಏನಾದೀತು ಅಂತ ಯೋಚನೆ ಮಾಡಿ ನೋಡಿ.

ಇಬ್ಬರೂ ನನ್ನನ್ನೇ ನೋಡ್ತಿದ್ದರು.

'ಏನು ನೋಡ್ತಿದ್ದೀರಿ?' ಅಂದೆ.

'ಸಂಘ ಕಟ್ಟೋಕೆ ಮೂರು ಜನ ಬೇಕು' ಅಂದಳು ಹೊನ್ನಮ್ಮ.

ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. 'ನಾನಾ? ಹಗರೆಯೋಳು ಕಣೇ ನಾನು! ನಿಮ್ಮೂರ ಹೆಸರೇ ಹೇಳೋಕೆ ಬರಲ್ಲ ನನಗೆ!' ಅಂದೆ. ಹೊರದೇಶದವರು ಆಗಬಾರದು ಅಂತ ಎಲ್ಲೂ ಬರೆದಿಲ್ಲವಂತೆ. ನಿನ್ನೆಯಿಂದ ಊರಿಗೆಲ್ಲ ನನ್ನ ಗುರುತಾಗಿದೆಯಂತೆ, ನಾನಿದ್ದರೆ ನಾಲ್ಕನೆಯವರು ತಾವಾಗೇ ಬರ್ತಾರಂತೆ. ಓಟ್ಟೋ ಎದೆ ಮೇಲೆ ಕೈಯಿಟ್ಟು ಏನೋ ಹೇಳಿದ. ಹೊನ್ನಮ್ಮ ಅದನ್ನ ಕನ್ನಡ ಮಾಡೋಕೆ ಹೋಗಿ, ಅರ್ಧಕ್ಕೇ ಬಿಟ್ಟು, ಒಂದು ಕಾಗದ ನನ್ನ ಮುಂದಿಟ್ಟಳು.

ಯಜಮಾನರನ್ನ ಒಂದು ಮಾತು ಕೇಳಿ ಹೇಳ್ತೀನಿ ಅಂತ ಬಾಯಿಗೆ ಬಂದಿತ್ತು. ಸವೆದ ಗಿರಣಿ ಕಲ್ಲಿಗೆ ನಾನು ಉಳಿಯಿಂದ ಹಲ್ಲು ಹೊಡೆಯೋವಾಗ ಯಾರನ್ನ ಕೇಳ್ತೀನಿ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಪೆನ್ನು ಇಸ್ಕೊಂಡು ಕನ್ನಡದಲ್ಲಿ ಉದ್ದಕ್ಕೆ ಹೆಸರು ಬರೆದೆ. ಊರು ಅನ್ನೋ ಕಡೆ ಹಗರೆ ಅಂತ ಬರೆದೆ. ಓಟ್ಟೋ ಆ ಅಕ್ಷರಗಳನ್ನ ಬಗ್ಗಿ ನೋಡಿ, ಮೇಜನ್ನ ಮೆತ್ತಗೆ ಕುಟ್ಟಿದ. ಭಾನುವಾರ ಅಲ್ಲವೇ, ಅದಕ್ಕೆ ಮೆತ್ತಗೆ.

ಮಧ್ಯಾಹ್ನ ಊರಿಗೆ ಫೋನ್ ಮಾಡಿದೆ. ಯಜಮಾನರು ಗಿರ್ರಂತ ತಿರುಗೋ ಗಿರಣಿ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡ್ತಿದ್ದರು. ನಡೆದಿದ್ದನ್ನೆಲ್ಲ ಹೇಳಿದೆ. ಗಿರಣಿ ನಿಲ್ಲಿಸಿ ಬಂದು ಮತ್ತೆ ಫೋನ್ ಹಿಡಿದರು.

'ಅಲ್ವೇ, ಅಲ್ಲಿ ಕರೆಂಟ್ ಹೋದ್ರೆ ಜನ ಯಾರಿಗೆ ಫೋನ್ ಮಾಡ್ತಾರೆ?' ಅಂದರು.

'ನನಗೇ ಕಣ್ರೀ' ಅಂದೆ.